ಅರವತ್ತೊಂದನೆಯ ಕಥೆಯನ್ನು ಹುಡುಕುತ್ತಾ

ಆರ್ಥರ್ ಕಾನನ್ ಡಾಯ್ಲ್ ಬರೆದ ಷರ್ಲಾಕ್ ಹೋಮ್ಸ್ ಕಥೆಗಳು ಒಟ್ಟು 60. ಅವುಗಳಲ್ಲಿ 4 ಕಾದಂಬರಿಗಳು, 56 ಸಣ್ಣ ಕಥೆಗಳು. ಮೊದಲನೆಯದು 1887ರಲ್ಲಿ ಅಚ್ಚಾಯಿತು, ಕೊನೆಯದು 1927ರಲ್ಲಿ. ಅಷ್ಟನ್ನೂ ಎರಡೆರಡು ಸಲ ಓದಿ ಮುಗಿಸಿದವರಲ್ಲಿ ಒಂದು ಹಸಿವು ಹಾಗೆಯೇ ಉಳಿದುಬಿಡುತ್ತದೆ. ಬೇಕರ್ ಬೀದಿಯ ಆ ಮಹಡಿಯ ಕೋಣೆಗೆ ಇನ್ನೊಮ್ಮೆ ಹತ್ತಿ ಹೋಗಬೇಕು, ಆ ಇಬ್ಬರು ಗೆಳೆಯರ ಮಾತನ್ನು ಇನ್ನೊಂದು ಸಂಜೆ ಕೇಳುತ್ತಾ ಕೂರಬೇಕು ಎನ್ನಿಸುತ್ತಲೇ ಇರುತ್ತದೆ. ನಾನು ಫ್ಯಾನ್ ಫಿಕ್ಷನ್ ಓದಲು ತೊಡಗಿದ್ದು ಆ ಹಸಿವಿನಿಂದಲೇ. ತಾವು ಮೆಚ್ಚಿದ ಕೃತಿಯ ಪಾತ್ರಗಳನ್ನೂ ಲೋಕವನ್ನೂ ಎತ್ತಿಕೊಂಡು, ಹಣದ ಆಸೆಯಿಲ್ಲದೆ ಓದುಗರೇ ಬರೆದು ಹಂಚಿಕೊಳ್ಳುವ ಈ ಕಥೆಗಳು ಹೋಮ್ಸ್‌ನ ಮಟ್ಟಿಗೆ ಹೊಸವೇನೂ ಅಲ್ಲ. ಡಾಯ್ಲ್ ಬದುಕಿದ್ದಾಗಲೇ ಬೇರೆಯವರು ಅವರ ಪತ್ತೇದಾರನನ್ನಿಟ್ಟುಕೊಂಡು ಬರೆಯಲು ಆರಂಭಿಸಿದ್ದರು.

ಹಾಗೆ ಬರೆಯಲು ಬೇಕಾದಷ್ಟು ಎಡೆಯನ್ನು ಡಾಯ್ಲ್ ತಾವೇ ಬಿಟ್ಟುಹೋಗಿದ್ದಾರೆ. 1891ರಲ್ಲಿ ಜಲಪಾತದ ಬಳಿ ಕಣ್ಮರೆಯಾದ ಹೋಮ್ಸ್ 1894ರಲ್ಲಿ ಮರಳಿ ಬರುತ್ತಾನೆ. ನಡುವಿನ ಮೂರು ವರ್ಷಗಳ ಬಗ್ಗೆ ಅವನ ಬಾಯಿಂದ ನಾವು ಕೇಳುವುದು ನಾಲ್ಕಾರು ಮಾತುಗಳನ್ನಷ್ಟೇ. ಸುಮಾತ್ರಾದ ದೈತ್ಯ ಇಲಿಯ ಪ್ರಕರಣವೊಂದಿತ್ತೆಂದೂ ಅದನ್ನು ಕೇಳಲು ಜಗತ್ತು ಇನ್ನೂ ಸಿದ್ಧವಾಗಿಲ್ಲವೆಂದೂ ಹೇಳಿ ಅವನು ಸುಮ್ಮನಾಗಿಬಿಡುತ್ತಾನೆ. ಅಫ್ಘಾನಿಸ್ತಾನದ ಮೈವಾಂದ್ ಯುದ್ಧದಲ್ಲಿ ಹೋಮ್ಸ್‌ನ ಗೆಳೆಯ ವಾಟ್ಸನ್‌ಗೆ ಬಿದ್ದ ಗುಂಡು ಮೊದಲ ಕಾದಂಬರಿಯಲ್ಲಿ ಭುಜಕ್ಕೆ ತಗುಲಿದ್ದರೆ ಎರಡನೆಯದರಲ್ಲಿ ಕಾಲಿಗೆ ತಗುಲಿದೆ. ಜಾನ್ ಎಂಬ ಹೆಸರಿನ ಈ ವೈದ್ಯನನ್ನು ಅವನ ಹೆಂಡತಿಯೇ ಒಂದು ಕಥೆಯಲ್ಲಿ ಜೇಮ್ಸ್ ಎಂದು ಕರೆಯುತ್ತಾಳೆ. ಸಸೆಕ್ಸ್‌ನಲ್ಲಿ ಜೇನು ಸಾಕುತ್ತಾ ಹೋಮ್ಸ್ ಕಳೆದ ನಿವೃತ್ತಿಯ ದಿನಗಳ ಬಗ್ಗೆಯಂತೂ ನಮಗೆ ಸಿಗುವುದು ತೀರಾ ಕಡಿಮೆ. ಈ ಸಂದುಗಳಲ್ಲೆಲ್ಲ ಓದುಗರು ಬೀಜ ಬಿತ್ತಿದ್ದಾರೆ, ಬೆಳೆಯೂ ಹುಲುಸಾಗಿ ಬಂದಿದೆ. ಆ ಬೆಳೆಯಲ್ಲಿ ಕಾಳನ್ನು ಹೇಗೆ ಆರಿಸಿಕೊಳ್ಳುವುದು ಎಂಬುದೇ ನನಗೆ ಹಲವು ತಿಂಗಳು ಬಗೆಹರಿಯದ ಪ್ರಶ್ನೆಯಾಗಿತ್ತು.

ಇಂಥ ಕಥೆಗಳ ದೊಡ್ಡ ಕಣಜ ಆರ್ಕೈವ್ ಆಫ್ ಅವರ್ ಓನ್ ಎಂಬ ಜಾಲತಾಣ. ಅಭಿಮಾನಿಗಳೇ 2007ರಲ್ಲಿ ಕಟ್ಟಿಕೊಂಡ ಲಾಭದ ಉದ್ದೇಶವಿಲ್ಲದ ಒಂದು ಸಂಸ್ಥೆ ಅದನ್ನು ನಡೆಸುತ್ತಿದ್ದು, 2009ರ ನವೆಂಬರಿನಲ್ಲಿ ಅದು ಎಲ್ಲರಿಗೂ ತೆರೆಯಿತು. 2019ರಲ್ಲಿ ಅದಕ್ಕೆ ವೈಜ್ಞಾನಿಕ ಕಥಾಸಾಹಿತ್ಯ ಲೋಕದ ಹ್ಯೂಗೋ ಪ್ರಶಸ್ತಿ ಬಂದಾಗ, ಹೆಸರು ಹೇಳಿಕೊಳ್ಳದೆ ಬರೆಯುವ ಸಾವಿರಾರು ಜನರಿಗೆ ಅದು ತಮ್ಮದೇ ಗೌರವವೆನಿಸಿತ್ತು. ಇಂದು ಅಲ್ಲಿರುವ ಕೃತಿಗಳು ಒಂದು ಕೋಟಿಯನ್ನು ದಾಟಿವೆ. ಹೋಮ್ಸ್‌ನನ್ನು ಇಂದಿನ ಲಂಡನ್ನಿಗೆ ತಂದು ನಿಲ್ಲಿಸಿದ, 2010ರಲ್ಲಿ ಆರಂಭವಾದ ಟಿ.ವಿ. ಸರಣಿಯೊಂದರ ಮೇಲೆಯೇ ಲಕ್ಷಕ್ಕೂ ಮೀರಿದ ಕಥೆಗಳಿವೆ. ನನಗೆ ಬೇಕಿದ್ದುದು ಕುದುರೆ ಗಾಡಿ, ಗ್ಯಾಸ್ ದೀಪ, ತಂತಿ ಸಮಾಚಾರಗಳ ಕಾಲದ ಹೋಮ್ಸ್. ಆ ಮೂಲ ಕಥೆಗಳನ್ನು ಆಧರಿಸಿದವು ಈ ರಾಶಿಯಲ್ಲಿ ಒಂದು ಸಣ್ಣ ಪಾಲು ಮಾತ್ರ, ಆದರೆ ಆ ಸಣ್ಣ ಪಾಲೂ ಒಂದು ಜೀವಮಾನದ ಓದಿಗೆ ಸಾಲುವಷ್ಟಿದೆ.

ಮೊದಲ ತಿಂಗಳು ನಾನು ಎಲ್ಲರೂ ಮಾಡುವುದನ್ನೇ ಮಾಡಿದೆ. ಕಥೆಗಳನ್ನು ಕುಡೋಸ್ ಸಂಖ್ಯೆಯ ಪ್ರಕಾರ ಜೋಡಿಸಿಕೊಂಡು ಮೇಲಿನಿಂದ ಓದುತ್ತಾ ಬಂದೆ. ಓದಿದವರು ಇಷ್ಟವಾಯಿತೆಂದು ಸೂಚಿಸಲು ಒತ್ತುವ ಆ ಗುಂಡಿಯೇ ಕುಡೋಸ್. ಒಬ್ಬರು ಒಂದು ಕಥೆಗೆ ಒಂದೇ ಸಲ ಅದನ್ನು ಒತ್ತಬಹುದು. ಹಾಗಾಗಿ ನಾಲ್ಕು ಪುಟದ ಲಘು ಕಥೆಗೂ, ಒಬ್ಬಾಕೆ ಮೂರು ವರ್ಷ ಕೂತು ಬರೆದ ನಲವತ್ತು ಅಧ್ಯಾಯಗಳ ಕಾದಂಬರಿಗೂ ಒಬ್ಬ ಓದುಗ ಕೊಡಬಹುದಾದದ್ದು ಒಂದೇ ಕುಡೋಸ್. ಹತ್ತು ವರ್ಷದಿಂದ ಅಲ್ಲಿರುವ ಕಥೆಗೆ ಹೋದ ತಿಂಗಳು ಬಂದ ಕಥೆಗಿಂತ ಹೆಚ್ಚು ಸಿಕ್ಕಿರುವುದು ಸಹಜ. ಮೇಲಿದ್ದುದನ್ನೇ ಜನ ಓದುತ್ತಾರೆ, ಓದಿದ್ದರಿಂದಲೇ ಅದು ಇನ್ನೂ ಮೇಲಕ್ಕೆ ಹೋಗುತ್ತದೆ. ನಾನು ಓದಿದ ಮೊದಲ ಇಪ್ಪತ್ತರಲ್ಲಿ ಕೆಟ್ಟವು ಇರಲಿಲ್ಲ, ಆದರೆ ಮನಸ್ಸಿನಲ್ಲಿ ನಿಂತವು ಎರಡೇ.

ಕಥೆಯಲ್ಲಿ ಏನಿದೆಯೆಂದು ಸೂಚಿಸಲು ಹಚ್ಚುವ ಟ್ಯಾಗ್‌ಗಳ ನೆರವು ದೊಡ್ಡದು ಎಂಬುದನ್ನು ಇಲ್ಲಿ ಹೇಳಲೇಬೇಕು. ಬರೆದವರು ಹೇಗೆ ಹೇಗೋ ಬರೆದ ಟ್ಯಾಗ್‌ಗಳನ್ನು ಸ್ವಯಂಸೇವಕರು ಒಂದೊಂದಾಗಿ ನೋಡಿ, ಒಂದೇ ಅರ್ಥದವುಗಳನ್ನು ಒಂದಕ್ಕೊಂದು ಜೋಡಿಸಿಡುವ ಕೆಲಸ ಅಲ್ಲಿ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಅವರ ತಾಳ್ಮೆಗೆ ಕೈಮುಗಿಯಬೇಕು. ಆದರೂ ಟ್ಯಾಗ್ ಎನ್ನುವುದು ಡಬ್ಬಿಯ ಮೇಲೆ ಅಂಟಿಸಿದ ಚೀಟಿ. ಒಳಗೆ ತೊಗರಿಬೇಳೆ ಇದೆ ಎಂದು ಅದು ಹೇಳೀತು. ಬೇಳೆ ಚೆನ್ನಾಗಿ ಬೇಯುತ್ತದೆಯೇ ಎಂಬುದನ್ನು ಬೇಯಿಸಿ ಉಂಡವರೇ ಹೇಳಬೇಕು.

ಉಂಡವರ ಮಾತಿನ ಬೆಲೆ ನನಗೆ ಚಿಕ್ಕಂದಿನಲ್ಲೇ ತಿಳಿದಿತ್ತು, ಆದರೆ ಇಲ್ಲಿ ಅದು ನೆನಪಾಗಲು ತಡವಾಯಿತು. ಸಾಗರದಲ್ಲಿ ನಾವಿದ್ದ ಬೀದಿಯ ಕೊನೆಗೆ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇತ್ತು. ಅಲ್ಲಿಂದ ಬಾಡಿಗೆಗೆ ತಂದ ಕಾದಂಬರಿಗಳ ಕೊನೆಯ ಖಾಲಿ ಪುಟದಲ್ಲಿ ಓದಿದವರು ಪೆನ್ಸಿಲಿನಲ್ಲಿ ಏನಾದರೊಂದು ಗೀಚಿರುತ್ತಿದ್ದರು. 'ಸೂಪರ್', 'ಓದಲೇಬೇಕು', 'ಪರವಾಗಿಲ್ಲ', 'ದುಡ್ಡು ದಂಡ' ಎಂಬ ಷರಾಗಳೇ ಹೆಚ್ಚು. ಅವುಗಳ ನಡುವೆ ಹಸಿರು ಇಂಕಿನ, ಗುಂಡನೆಯ, ಪುಟ್ಟ ಅಕ್ಷರಗಳ ಕೈಬರಹವೊಂದಿತ್ತು. ಒಂದು ದಪ್ಪ ಕಾದಂಬರಿಯ ಹಿಂದೆ ಆ ಕೈ ಬರೆದದ್ದು ಇಂದಿಗೂ ನೆನಪಿದೆ: 'ಎಪ್ಪತ್ತನೆಯ ಪುಟದವರೆಗೆ ತಾಳ್ಮೆಯಿರಲಿ. ಅತ್ತೆ ಬಾಗಿಲು ಹಾಕಿಕೊಳ್ಳುವ ಸನ್ನಿವೇಶ ಬಂದ ಮೇಲೆ ನೀವು ಪುಸ್ತಕ ಕೆಳಗಿಡುವುದಿಲ್ಲ.' ಹಾಗೆಯೇ ಆಯಿತು. ಅಂದಿನಿಂದ ನಾನು ಲೈಬ್ರರಿಗೆ ಹೋದಾಗ ಮೊದಲು ತೆಗೆಯುತ್ತಿದ್ದುದು ಪುಸ್ತಕದ ಕೊನೆಯ ಪುಟವನ್ನು. ಹಸಿರು ಇಂಕು ಕಂಡರೆ ಆ ಪುಸ್ತಕ ನನ್ನ ಚೀಲಕ್ಕೆ. ಆ ಕೈ ಯಾರದೆಂದು ನನಗೆ ಕೊನೆಗೂ ತಿಳಿಯಲಿಲ್ಲ, ಆದರೆ ಅವರಿಗೆ ಏನು ರುಚಿಸುತ್ತದೆ, ಯಾವುದರಲ್ಲಿ ಅವರು ನನಗಿಂತ ಮೃದು, ಯಾವುದರಲ್ಲಿ ನನಗಿಂತ ಕಟು ಎಂಬುದೆಲ್ಲ ತಿಳಿದುಹೋಗಿತ್ತು.

ಆರ್ಕೈವ್‌ನಲ್ಲಿ ನನಗೆ ಎದುರಾದ ಹಸಿರು ಇಂಕು ಒಂದು ಬುಕ್‌ಮಾರ್ಕ್. ಅಲ್ಲಿ ಕಥೆಯೊಂದನ್ನು ಬುಕ್‌ಮಾರ್ಕ್ ಮಾಡುವಾಗ ನಮ್ಮದೇ ಟ್ಯಾಗ್ ಹಾಕಬಹುದು, ಟಿಪ್ಪಣಿ ಬರೆಯಬಹುದು, ಬೇಡವಾದರೆ ಯಾರಿಗೂ ಕಾಣದಂತೆ ಇಟ್ಟುಕೊಳ್ಳಬಹುದು. 'ರೆಕ್' ಎಂಬ ಚೌಕಕ್ಕೆ ಗುರುತು ಹಾಕಿದರೆ ಅದು ಶಿಫಾರಸು ಎಂದಾಗುತ್ತದೆ, ಪಕ್ಕದಲ್ಲಿ ಹೃದಯದ ಚಿಹ್ನೆ ಕಾಣಿಸಿಕೊಳ್ಳುತ್ತದೆ. ಮನಸ್ಸಿನಲ್ಲಿ ನಿಂತ ಎರಡು ಕಥೆಗಳೆಂದು ಆಗ ಹೇಳಿದೆನಲ್ಲ, ಅವುಗಳಲ್ಲೊಂದರ ಬುಕ್‌ಮಾರ್ಕ್ ಸಂಖ್ಯೆಯನ್ನು ಒಂದು ರಾತ್ರಿ ಸುಮ್ಮನೆ ಒತ್ತಿದಾಗ, ಅದನ್ನು ಗುರುತು ಹಾಕಿಟ್ಟವರ ಸಾಲು ತೆರೆದುಕೊಂಡಿತು. ಹೆಚ್ಚಿನವರು ಏನೂ ಬರೆದಿರಲಿಲ್ಲ. ಒಬ್ಬರು ಮಾತ್ರ, ಆ ಕಥೆಯಲ್ಲಿ ನನಗೂ ಗಂಟಲು ಕಟ್ಟಿದ ಅದೇ ಸಾಲನ್ನು ಹೆಸರಿಸಿ, ಅದು ಏಕೆ ಹಾಗೆ ತಟ್ಟುತ್ತದೆಂದು ಎರಡು ವಾಕ್ಯ ಬರೆದಿದ್ದರು. ನಾನು ಅವರ ಉಳಿದ ಬುಕ್‌ಮಾರ್ಕ್‌ಗಳಿಗೆ ಹೋದೆ.

ಅಲ್ಲಿ 38 ಕುಡೋಸ್ ಮಾತ್ರವಿದ್ದ ಕಥೆಯೊಂದರ ಕೆಳಗೆ ಇಂಗ್ಲಿಷಿನಲ್ಲಿದ್ದ ಟಿಪ್ಪಣಿಯನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಅದು ಹೀಗಿತ್ತು: 'ಇದರಲ್ಲಿ ಪತ್ತೇದಾರಿ ಹೆಚ್ಚಿಲ್ಲ. ನಿವೃತ್ತನಾದ ಹೋಮ್ಸ್‌ನ ಮನೆಗೆ ವಾಟ್ಸನ್ ಮೊದಲ ಸಲ ಬರುವ ಹೊತ್ತಿಗೆ, ಅಂಗಳದ ಮೆಟ್ಟಿಲಿನ ಪಕ್ಕದಲ್ಲಿ ಹಿಡಿದು ಹತ್ತಲು ಹೊಸ ಮರದ ಕಂಬಿಯೊಂದು ಬಂದಿರುತ್ತದೆ. ಆ ಕಂಬಿಯ ಬಗ್ಗೆ ಇಬ್ಬರೂ ಒಂದು ಮಾತೂ ಆಡುವುದಿಲ್ಲ. ಮೊದಲೆರಡು ಪುಟಗಳಲ್ಲಿ ಭಾಷೆ ತಡವರಿಸುತ್ತದೆ, ಬಿಡಬೇಡಿ. ಯಾರೂ ಸಾಯುವುದಿಲ್ಲ.' ಇಷ್ಟೇ. ಹನ್ನೊಂದು ಗಂಟೆಯಾಗಿತ್ತು, ಬೆಳಗ್ಗೆ ಬೇಗ ಏಳಬೇಕಿತ್ತು, ಆದರೂ ನಾನು ಆ ಕಥೆಯನ್ನು ತೆರೆದೆ. ವಾಟ್ಸನ್ ಕೈಗೋಲನ್ನು ಎಡಗೈಗೆ ಬದಲಿಸಿಕೊಂಡು, ಇನ್ನೂ ರಂದದ ವಾಸನೆಯಿರುವ ಆ ಕಂಬಿಯ ಮೇಲೆ ಬಲಗೈ ಇಡುವ ಜಾಗಕ್ಕೆ ಬಂದಾಗ, ಭುಜವೋ ಕಾಲೋ ಎಂದು ಓದುಗರು ನೂರು ವರ್ಷಗಳಿಂದ ವಾದಿಸುತ್ತಾ ಬಂದ ಆ ಹಳೆಯ ಗಾಯಕ್ಕೆ ಬರೆದಾಕೆ ಸದ್ದಿಲ್ಲದೆ ಉತ್ತರ ಕೊಟ್ಟಿದ್ದಾಳೆಂದು ಹೊಳೆಯಿತು. ಕುಡೋಸ್ ಪಟ್ಟಿಯನ್ನೇ ನಂಬಿಕೊಂಡಿದ್ದರೆ ನಾನು ಆ ಕಥೆಯನ್ನು ತಲುಪುತ್ತಲೇ ಇರಲಿಲ್ಲ.

ಅಲ್ಲಿಂದ ನನ್ನ ಹುಡುಕಾಟದ ದಾರಿಯೇ ಬದಲಾಯಿತು. ಈಗ ನಾನು ಕಥೆಗಳನ್ನು ಹುಡುಕುವ ಮುಂಚೆ ಓದುಗರನ್ನು ಹುಡುಕುತ್ತೇನೆ. ನನಗೆ ತುಂಬ ಇಷ್ಟವಾದ ಕಥೆಯ ಬುಕ್‌ಮಾರ್ಕ್‌ಗಳನ್ನು ತೆರೆದು, ಅಲ್ಲಿರುವವರಲ್ಲಿ ನಾನು ಕಂಡದ್ದನ್ನೇ ಕಂಡವರು ಯಾರೆಂದು ನೋಡುತ್ತೇನೆ. ಅಂಥವರು ಸಿಕ್ಕಿದರೆ ಅವರ ಪಟ್ಟಿಯನ್ನು ಶಿಫಾರಸುಗಳು ಮಾತ್ರ, ಟಿಪ್ಪಣಿ ಇರುವವು ಮಾತ್ರ ಎಂದು ಸೋಸಿಕೊಳ್ಳುತ್ತೇನೆ, ಅದಕ್ಕೆ ಬೇಕಾದ ಸೌಲಭ್ಯ ಅಲ್ಲಿಯೇ ಇದೆ. ಮೆಚ್ಚಿದ ಲೇಖಕರು ತಾವೇ ಗುರುತು ಹಾಕಿಟ್ಟ ಕಥೆಗಳಂತೂ ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಫಲವತ್ತಾದ ನೆಲ. ಚೆನ್ನಾಗಿ ಬರೆಯುವವರು ಸಾಮಾನ್ಯವಾಗಿ ಚೆನ್ನಾಗಿ ಓದುವವರೂ ಆಗಿರುತ್ತಾರೆ. ಒಬ್ಬರ ಶಿಫಾರಸಿನಲ್ಲಿ ಐದು ಓದಿ ಮೂರು ಹಿಡಿಸಿದರೆ ಅವರ ಹೆಸರನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳುತ್ತೇನೆ. ಈಗ ಅಲ್ಲಿ ಒಂಬತ್ತು ಹೆಸರುಗಳಿವೆ. ಅವರಲ್ಲೊಬ್ಬರ ಅಭಿರುಚಿ ನನ್ನದಕ್ಕೆ ಪೂರಾ ಉಲ್ಟಾ. ಅವರು ಬೇಸರವೆಂದು ಬರೆದ ನಿಧಾನಗತಿಯ ಕಥೆಗಳೆಲ್ಲ ನನಗೆ ಅಚ್ಚುಮೆಚ್ಚು, ಆದ್ದರಿಂದ ಅವರ ಹೆಸರನ್ನೂ ಅಷ್ಟೇ ಕೃತಜ್ಞತೆಯಿಂದ ಉಳಿಸಿಕೊಂಡಿದ್ದೇನೆ.

ವರ್ಷಕ್ಕೊಮ್ಮೆಯೋ ಎರಡು ಬಾರಿಯೋ ನಡೆಯುವ ಕಥಾ ವಿನಿಮಯಗಳೂ ಒಂದು ಒಳ್ಳೆಯ ಮೂಲ. ಹೋಮ್ಸ್ ಓದುಗರದ್ದೇ ಆದ ಹೋಮ್ಸ್‌ಟಿಸ್ ಇದೆ. ಕಡಿಮೆ ಜನ ಬರೆಯುವ ಕೃತಿಗಳಿಗೆಂದೇ 2003ರಿಂದ ನಡೆದುಬಂದಿರುವ ಯೂಲ್‌ಟೈಡ್ ಇದೆ. ಅಲ್ಲಿ ಒಬ್ಬರು ಇನ್ನೊಬ್ಬರಿಗೆ ಅವರು ಕೇಳಿದಂಥ ಕಥೆಯನ್ನು ಉಡುಗೊರೆಯಾಗಿ ಬರೆಯುತ್ತಾರೆ, ಮುಗಿದ ಮೇಲೆ ಓದಿದವರು ತಮಗೆ ಹಿಡಿಸಿದವನ್ನು ಹೆಕ್ಕಿ ಪರಸ್ಪರ ಹೇಳಿಕೊಳ್ಳುತ್ತಾರೆ. ಆ ವಾರಗಳಲ್ಲಿ ಬರುವ ಶಿಫಾರಸುಗಳು ಬಿಸಿಯಾಗಿರುತ್ತವೆ. ಹೋಮ್ಸ್‌ನ ಮನೆಯ ಸಂಖ್ಯೆಯನ್ನೇ ಹೆಸರಾಗಿಸಿಕೊಂಡ 221ಬಿ ಎಂಬ ಪುಟ್ಟ ಪ್ರಕಾರದ ಪರಿಚಯ ನನಗೆ ಹಾಗೆಯೇ ಆಯಿತು. ಸರಿಯಾಗಿ 221 ಪದಗಳಿರಬೇಕು, ಕೊನೆಯ ಪದ 'ಬಿ' ಅಕ್ಷರದಿಂದ ಆರಂಭವಾಗಬೇಕು, ಅಷ್ಟೇ ನಿಯಮ. ನಿಯಮ ಪಾಲಿಸಿದ ಮಾತ್ರಕ್ಕೆ ಕಥೆ ಚೆನ್ನಾಗಿರಬೇಕೆಂದಿಲ್ಲ. ಆ ಕೊನೆಯ ಪದ ತಾನಾಗಿ ಬಂದು ಕುಳಿತಂತೆ ಇರುವ ಕಥೆಗಳನ್ನು ಯಾರಾದರೂ ಆರಿಸಿ ಕೊಟ್ಟಾಗಲೇ ಅದರ ಸೊಗಸು ತಿಳಿಯುವುದು.

ಒಳ್ಳೆಯ ಶಿಫಾರಸಿನಲ್ಲಿ ಏನಿರಬೇಕೆಂದು ನಾನು ಕಲಿತದ್ದು ಒಂದು ತಪ್ಪು ಮಾಡಿ. ಹಾಸನದಲ್ಲಿರುವ ನನ್ನ ಗೆಳತಿಗೆ ಒಂದು ಕಥೆಯ ಕೊಂಡಿ ಕಳಿಸಿ, 'ತುಂಬ ಚೆನ್ನಾಗಿದೆ, ಇವತ್ತೇ ಓದು' ಎಂದಷ್ಟೇ ಬರೆದೆ. ಅದರಲ್ಲಿ ವಾಟ್ಸನ್ ಆಸ್ಪತ್ರೆಯಲ್ಲಿ ದಿನದಿನಕ್ಕೆ ಕರಗುತ್ತಾ ಹೋಗುತ್ತಾನೆ. ಗೆಳತಿಯ ತಂದೆ ತೀರಿಕೊಂಡು ಆಗ ನಾಲ್ಕು ತಿಂಗಳೂ ಆಗಿರಲಿಲ್ಲ. ಮಾರನೆಯ ದಿನ ಫೋನಿನಲ್ಲಿ ಆಕೆ ಸಿಟ್ಟು ಮಾಡಲಿಲ್ಲ. 'ಒಂದು ಮಾತು ಮೊದಲೇ ಹೇಳಬಾರದಿತ್ತೇನೇ?' ಎಂದಳು, ಅಷ್ಟೇ. ಆ ಮಾತು ಇನ್ನೂ ಚುಚ್ಚುತ್ತದೆ. ಬರೆದವರು ಪ್ರಮುಖ ಪಾತ್ರದ ಸಾವು ಎಂಬ ಎಚ್ಚರಿಕೆಯನ್ನು ಕಥೆಯ ತಲೆಯ ಮೇಲೆಯೇ ಹಾಕಿದ್ದರು, ಆದರೆ ಗೆಳತಿ ನನ್ನ ಮಾತನ್ನು ನಂಬಿ ಅದನ್ನು ದಾಟಿ ಹೋಗಿದ್ದಳು. ಶಿಫಾರಸು ಮಾಡುವವರ ಮೇಲಿನ ನಂಬಿಕೆ ಎಚ್ಚರಿಕೆಯ ಫಲಕಕ್ಕಿಂತ ಬಲವಾದದ್ದಾಗಿರುವುದರಿಂದಲೇ, ನೋಯಿಸಬಹುದಾದದ್ದನ್ನು ಹೇಳುವ ಹೊಣೆ ಶಿಫಾರಸು ಮಾಡುವವರ ಮೇಲೆ ಬೀಳುತ್ತದೆ.

ಅದರಲ್ಲೂ ಆರ್ಕೈವ್‌ನಲ್ಲಿ, ಎಚ್ಚರಿಕೆಗಳನ್ನು ಬಳಸದಿರಲು ನಿರ್ಧರಿಸಿದ್ದೇನೆ ಎಂದು ಸೂಚಿಸುವ ಆಯ್ಕೆಯೂ ಬರೆಯುವವರಿಗೆ ಇದೆ. ಹೊಸಬರು ಅದನ್ನು ಕಥೆಯಲ್ಲಿ ಆತಂಕಪಡುವಂಥದ್ದು ಏನೂ ಇಲ್ಲವೆಂದು ತಿಳಿಯುವುದುಂಟು. ಏನು ಬೇಕಾದರೂ ಇರಬಹುದು ಎಂಬುದೇ ಅದರ ಅರ್ಥ. ಅಂಥ ಕಥೆಗಳನ್ನು ಮೊದಲೇ ಓದಿದವರೊಬ್ಬರು 'ಯಾರೂ ಸಾಯುವುದಿಲ್ಲ' ಎಂದು ಎರಡೇ ಪದಗಳಲ್ಲಿ ಬರೆದಿಟ್ಟರೂ ಅದು ದೊಡ್ಡ ಉಪಕಾರ. ಕಥೆ ಮುಗಿದಿದೆಯೇ, ನಡುವೆಯೇ ನಿಂತಿದೆಯೇ ಎಂಬುದನ್ನೂ ಹೇಳಬೇಕು. ಮೂಲ ಕಥೆಗಳಲ್ಲಿ ಯಾವುದನ್ನು ಓದಿರಬೇಕೆಂಬುದನ್ನೂ ಹೇಳಿದರೆ ಒಳ್ಳೆಯದು. ಇವೆಲ್ಲಕ್ಕಿಂತ ಮುಖ್ಯವಾಗಿ, ಈ ಕಥೆಗೆ ಮಾತ್ರ ಸಲ್ಲುವ ಒಂದು ವಿವರವನ್ನು ಎತ್ತಿ ತೋರಿಸಬೇಕು. 'ಪಾತ್ರಗಳು ಜೀವಂತವಾಗಿವೆ' ಎಂಬ ಮಾತನ್ನು ಯಾವ ಕಥೆಯ ಕೆಳಗೆ ಅಂಟಿಸಿದರೂ ನಡೆಯುತ್ತದೆ. ಮರದ ಕಂಬಿಯ ಮಾತು ಆ ಒಂದು ಕಥೆಗೆ ಮಾತ್ರ ಸಲ್ಲುತ್ತದೆ. ಮತ್ತೊಂದು ಸೂಕ್ಷ್ಮವೂ ಇದೆ: ಎಲ್ಲರಿಗೂ ಕಾಣುವ ಬುಕ್‌ಮಾರ್ಕಿನ ಟಿಪ್ಪಣಿ ಕಥೆ ಬರೆದವರಿಗೂ ಕಾಣುತ್ತದೆ. ಕಾಸಿನ ಆಸೆಯಿಲ್ಲದೆ ಬರೆದವರು ಅದನ್ನು ಓದುತ್ತಾರೆಂಬ ಅರಿವಿನಿಂದಲೇ ನಾನು ಈಗ ಒಂದೊಂದು ಟಿಪ್ಪಣಿಯನ್ನೂ ಬರೆಯುತ್ತೇನೆ.

ಶಿಫಾರಸುಗಳಿಗೂ ಆಯುಸ್ಸಿದೆ ಎಂಬುದು ನನ್ನನ್ನು ಕಾಡುವ ಸಂಗತಿ. ಆರ್ಕೈವ್ ಬರುವುದಕ್ಕೆ ಮುಂಚೆ ಓದುಗರು ತಮ್ಮ ಸ್ವಂತ ಪುಟಗಳಲ್ಲಿ ಉದ್ದುದ್ದ ಶಿಫಾರಸು ಪಟ್ಟಿಗಳನ್ನು ಕಟ್ಟಿದ್ದರು. ಸ್ವಂತ ಪುಟಗಳಿಗೆ ಜಾಗ ಕೊಡುತ್ತಿದ್ದ ಜಿಯೋಸಿಟೀಸ್ 2009ರಲ್ಲಿ ಮುಚ್ಚಿದಾಗ ಅಂಥ ಎಷ್ಟೋ ಪುಟಗಳು ಅದರೊಂದಿಗೆ ಹೋದವು. ಕಥೆಗಳಿಗೆ ಟ್ಯಾಗ್ ಹಚ್ಚಿಡಲು ಅಭಿಮಾನಿಗಳು ಬಹಳವಾಗಿ ನೆಚ್ಚಿಕೊಂಡಿದ್ದ ಡೆಲಿಷಿಯಸ್ ಎಂಬ ತಾಣವನ್ನು 2011ರಲ್ಲಿ ಹೊಸ ಮಾಲೀಕರು ಬದಲಿಸಿದಾಗ, ವರ್ಷಗಟ್ಟಲೆ ಕೂಡಿಟ್ಟ ಟ್ಯಾಗ್‌ಗಳು ಕೆಲಸಕ್ಕೆ ಬಾರದಂತಾಗಿ ಬಹಳ ಜನ ಪಿನ್‌ಬೋರ್ಡ್ ಎಂಬ ಇನ್ನೊಂದು ತಾಣಕ್ಕೆ ಗುಳೆ ಹೋದರು. ಲೈವ್‌ಜರ್ನಲ್ ಎಂಬ ಬ್ಲಾಗ್ ತಾಣದ ಕಾಲದ ಕ್ರ್ಯಾಕ್ ವ್ಯಾನ್ ಎಂಬ ಬಳಗದಲ್ಲಿ ತಿಂಗಳಿಗೊಬ್ಬರು ಒಂದೊಂದು ಕೃತಿಯ ಅಭಿಮಾನಿಗಳ ಪರವಾಗಿ 'ಚಾಲಕ'ರಾಗಿ ನಿಂತು, ತಾವು ಆರಿಸಿದ ಕಥೆಗಳನ್ನು ಕಾರಣಸಮೇತ ಪರಿಚಯಿಸುತ್ತಿದ್ದರು. ಆ ಬರಹಗಳನ್ನು ಈಗ ಓದಿದರೂ ಉತ್ಸಾಹ ಉಕ್ಕುತ್ತದೆ, ಆದರೆ ಕೊಂಡಿ ಒತ್ತಿದರೆ ಹಲವು ಕಡೆ ಖಾಲಿ ಪುಟ. ಹಳೆಯ ಜಾಲಪುಟಗಳ ಪ್ರತಿಗಳನ್ನು ಉಳಿಸಿಡುವ, ಇಂಟರ್‌ನೆಟ್ ಆರ್ಕೈವ್ ಎಂಬ ಬೇರೊಂದು ಸಂಸ್ಥೆಯ ವೇಬ್ಯಾಕ್ ಮಷೀನ್‌ನಲ್ಲಿ ಹಳೆಯ ವಿಳಾಸ ಹಾಕಿ ನೋಡಿದರೆ ಕೆಲವು ಸಿಗುತ್ತವೆ. ಹಾಗೆ ಸಿಕ್ಕವುಗಳನ್ನು ಇಳಿಸಿಕೊಂಡು ಇಟ್ಟುಕೊಳ್ಳುವುದು ನನ್ನ ರೂಢಿ. ಆರ್ಕೈವ್‌ನ ಕಥೆಗಳನ್ನಂತೂ ಇ-ಪಬ್ ಎಂಬ ಇ-ಪುಸ್ತಕದ ರೂಪದಲ್ಲಿ ಇಳಿಸಿಕೊಳ್ಳಲು ಅಲ್ಲಿಯೇ ಗುಂಡಿ ಇದೆ.

ಬರೆದವರು ತಮ್ಮ ಕಥೆಯನ್ನು ಅಳಿಸಿಹಾಕುವುದೂ ಉಂಟು. ಹೆಸರನ್ನು ಮಾತ್ರ ಕಳಚಿಕೊಂಡು ಕಥೆಯನ್ನು ಅಲ್ಲಿಯೇ ಬಿಟ್ಟುಹೋಗುವ ಏರ್ಪಾಡನ್ನು ಆರ್ಕೈವ್ ಮಾಡಿಕೊಟ್ಟಿದ್ದರೂ, ಕೆಲವರಿಗೆ ಕಥೆಯೇ ಇರುವುದು ಬೇಡವಾಗುತ್ತದೆ. ಅದು ಅವರ ಹಕ್ಕು, ಅದನ್ನು ನಾನು ಗೌರವಿಸುತ್ತೇನೆ. ಹಾಗೆ ಅಳಿಸಿದಾಗ ಅದನ್ನು ಗುರುತು ಹಾಕಿಟ್ಟವರ ಪಟ್ಟಿಯಲ್ಲಿ ಶೀರ್ಷಿಕೆಯೂ ಹೆಸರೂ ಮಾಯವಾಗಿ, ಕ್ಷಮಿಸಿ, ಇದನ್ನು ಅಳಿಸಲಾಗಿದೆ ಎಂಬ ಒಂದು ಸಾಲು ಕಾಣುತ್ತದೆ. ಓದುಗರು ಬರೆದ ಟಿಪ್ಪಣಿ ಮಾತ್ರ ಅದರ ಕೆಳಗೆ ಹಾಗೆಯೇ ಉಳಿದಿರುತ್ತದೆ.

ಮರದ ಕಂಬಿಯ ಕಥೆಯನ್ನು ನನಗೆ ತೋರಿಸಿದವರ ಪಟ್ಟಿಯಲ್ಲೇ ಅಂಥದ್ದೊಂದಿದೆ. ಹೃದಯದ ಚಿಹ್ನೆಯ ಪಕ್ಕದಲ್ಲಿ ಅವರ ಟಿಪ್ಪಣಿ ಹೀಗೆ ಹೇಳುತ್ತದೆ: 'ಸುಮಾತ್ರಾದ ಇಲಿಯ ಕಥೆಗಳನ್ನು ಮೂವತ್ತಾದರೂ ಓದಿದ್ದೇನೆ. ಇಲಿಯನ್ನು ಒಮ್ಮೆಯೂ ತೋರಿಸದೆ ಹೆದರಿಸಿದ್ದು ಇದೊಂದೇ. ಕೊನೆಯಲ್ಲಿ ಹಡಗಿನ ಅಡುಗೆಯವನು ವಾಟ್ಸನ್‌ಗೆ ಹೇಳುವ ಒಂದು ಮಾತಿಗಾಗಿ ಮೂರು ಸಲ ಹಿಂದಿರುಗಿದೆ.' ಬರೆದವರು ಯಾರು, ಕಥೆಯ ಹೆಸರೇನು, ಯಾವುದೂ ಅಲ್ಲಿ ಇಲ್ಲ. ನನ್ನ ನೋಟ್‌ಬುಕ್ಕಿನಲ್ಲಿ ಆ ಟಿಪ್ಪಣಿಯನ್ನು ನಕಲು ಮಾಡಿಕೊಂಡು ಕೆಳಗೆ ಎರಡು ಸಾಲು ಖಾಲಿ ಬಿಟ್ಟಿದ್ದೇನೆ. ಆ ಕಥೆಯನ್ನು ಓದಿದವರು ಇದನ್ನೂ ಓದುತ್ತಿದ್ದರೆ ಕಥೆಯ ಪ್ರತಿಯನ್ನು ನನಗೆ ಕಳಿಸುವುದು ಬೇಡ. ಅಡುಗೆಯವನು ಏನು ಹೇಳಿದ ಎಂಬುದನ್ನು ನಿಮ್ಮ ನೆನಪಿನಲ್ಲಿರುವಷ್ಟು, ನಿಮ್ಮ ಮಾತಿನಲ್ಲೇ ಬರೆದು ತಿಳಿಸಿ.